ಶನಿವಾರ ಡೈವಿಂಗ್, ರಾತ್ರಿ ಪಾರ್ಟಿ, ಭಾನುವಾರ ಘಾಟ್: ಗೋಕಾಕದಿಂದ ಸ್ಕೂಬಾಕ್ಕೆ ಹೊರಟವರಿಗೆ

ಇವತ್ತಿನ ಸಂಚಿಕೆ ಸಮುದ್ರದ್ದು.

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹುಡುಗರು ಕಬ್ಬಿನ ಬಿಲ್ ಬಂದ ಕೂಡಲೇ ಗಾಡಿ ಮಾಡಿಕೊಂಡು ಗೋವಾಕ್ಕೆ ಹೋಗೋದು ಹೊಸ ಸುದ್ದಿ ಅಲ್ಲ. ಹೊಸದು ಏನಂದ್ರೆ, ಈಗ ಬೀಚು, ಪಾರ್ಟಿ ಜೊತೆಗೆ ಸ್ಕೂಬಾ ಡೈವಿಂಗೂ ಸೇರಿಕೊಂಡಿದೆ. ‘ಗಂಧದ ಗುಡಿ’ಯಲ್ಲಿ ಅಪ್ಪು ಸಮುದ್ರಕ್ಕೆ ಇಳಿದಿದ್ದನ್ನು ನೋಡಿದ ಮೇಲಂತೂ ಕೇಳೋದೇ ಬೇಡ.

ನಮ್ಮವರ ಪ್ಲ್ಯಾನ್ ಸಾಮಾನ್ಯವಾಗಿ ಹೀಗಿರುತ್ತೆ. ಶುಕ್ರವಾರ ರಾತ್ರಿ ಹೊರಡೋದು, ಶನಿವಾರ ಹಗಲೆಲ್ಲ ಮಲಗೋದು, ರಾತ್ರಿ ಬಾಗಾದಲ್ಲಿ ಕುಣಿಯೋದು, ಭಾನುವಾರ ಬೆಳಿಗ್ಗೆ ಸ್ಕೂಬಾ, ಊಟ ಮುಗಿಸಿ ಚೋರ್ಲಾ ಘಾಟ್ ಹತ್ತಿ ಮನೆ. ನಾನು ಹೇಳೋದು ಇಷ್ಟೇ: ಈ ಪ್ಲ್ಯಾನ್ ತಿರುವಿ ಹಾಕ್ರಿ. ಖರ್ಚು ಅಷ್ಟೇ, ಮೋಜೂ ಅಷ್ಟೇ. ಯಾಕೆ ತಿರುವಬೇಕು ಅನ್ನೋದಕ್ಕೆ ಸ್ವಲ್ಪ ವಿಜ್ಞಾನ ಬೇಕು.

ನೀರಿನಲ್ಲಿ ಪ್ರತಿ 10 ಮೀಟರ್ ಕೆಳಗೆ ಇಳಿದಂತೆ ನಮ್ಮ ಮೇಲೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚಾಗುತ್ತೆ. ಗೋಕಾಕ ಫಾಲ್ಸ್ ಎತ್ತರ ಸುಮಾರು 52 ಮೀಟರ್. ಅಷ್ಟೇ ಆಳದ ಮಡುವಿನ ತಳಕ್ಕೆ ಇಳಿದ್ರೆ ಮೈಮೇಲಿನ ಒತ್ತಡ ದಂಡೆಯ ಮೇಲಿನದಕ್ಕಿಂತ ಆರು ಪಟ್ಟು. ಮೊದಲ ಸಲ ಇಳಿಯುವವರನ್ನು ಅಷ್ಟು ಆಳಕ್ಕೆ ಯಾರೂ ಒಯ್ಯೋದಿಲ್ಲ, 12 ಮೀಟರ್ ಅಂದ್ರೆ ಅದೇ ಕೊನೆ. ಆದರೆ 10 ಮೀಟರಿನಲ್ಲೇ ಒತ್ತಡ ಎರಡು ಪಟ್ಟಾಗಿರುತ್ತೆ.

ಇದರ ಮೊದಲ ಪರಿಣಾಮ ಕಿವಿಗೆ. ಘಾಟ್ ಇಳಿಯುವಾಗ ಕಿವಿ ಗುಂಯ್ ಅಂದು ಮುಚ್ಚಿಕೊಳ್ಳುತ್ತಲ್ಲ, ಅದೇ ಇಲ್ಲಿ ಜೋರಾಗಿ ಆಗುತ್ತೆ. ಮಾಸ್ಕ್ ಮೇಲಿಂದಲೇ ಮೂಗು ಹಿಡಿದು ಮೆಲ್ಲಗೆ ಊದಬೇಕು. ನೋವು ಶುರುವಾಗುವ ಮೊದಲೇ ಊದಬೇಕು, ನೋವು ಬಂದ ಮೇಲೆ ಅಲ್ಲ. ನೆಗಡಿ ಇದ್ದವರಿಗೆ ಇದು ಆಗೋದೇ ಇಲ್ಲ, ಅವರು ದೋಣಿಯಲ್ಲೇ ಕೂತು ಫೋಟೋ ತೆಗೆಯೋದು ಒಳ್ಳೇದು.

ಎರಡನೇದು ಶ್ವಾಸಕೋಶ. 10 ಮೀಟರ್ ಆಳದಲ್ಲಿ ತುಂಬಿಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತೆ. ಉಸಿರು ಬಿಗಿಹಿಡಿದು ಗಾಬರಿಯಿಂದ ಮೇಲೆ ಚಿಮ್ಮಿದ್ರೆ ಶ್ವಾಸಕೋಶಕ್ಕೇ ಪೆಟ್ಟು. ಘಟಪ್ರಭಾದಲ್ಲಿ ಮುಳುಗು ಹಾಕಿ ಬೆಳೆದವರಿಗೆ ಉಸಿರು ಹಿಡಿಯೋದು ರೂಢಿ. ಸ್ಕೂಬಾದಲ್ಲಿ ಆ ರೂಢಿನೇ ಅಪಾಯ. ಇಲ್ಲಿ ಉಸಿರಾಟ ನಿಲ್ಲಿಸಲೇಬಾರದು. ಈಜು ಬಾರದವರನ್ನೂ ಬೋಧಕರು ಕೈಹಿಡಿದು ಕರೆದೊಯ್ತಾರೆ, ಅದು ನಿಜ. ಆದರೆ ಅವರು ಹೇಳಿದ್ದನ್ನು ಕೇಳುವ ಎಚ್ಚರ ನಮ್ಮಲ್ಲಿ ಇರಬೇಕು. ಒಂದು ಸಣ್ಣ ವಿಷಯ: ನೀರೊಳಗೆ ಹೆಬ್ಬೆರಳು ಎತ್ತಿದ್ರೆ ‘ಸೂಪರ್’ ಅಂತ ಅರ್ಥ ಅಲ್ಲ, ‘ನನ್ನನ್ನು ಮೇಲೆ ಒಯ್ಯಿರಿ’ ಅಂತ. ಕ್ಯಾಮೆರಾ ಕಂಡು ಹೆಬ್ಬೆರಳು ಎತ್ತಿದವರನ್ನು ಎರಡೇ ನಿಮಿಷಕ್ಕೆ ಮೇಲೆ ತಂದುಬಿಡ್ತಾರೆ.

ಮೂರನೇದೇ ನಮ್ಮ ಘಾಟ್‌ಗೆ ಸಂಬಂಧಪಟ್ಟದ್ದು. ಗಾಳಿಯಲ್ಲಿ ಸುಮಾರು 78 ಭಾಗ ಸಾರಜನಕ. ಒತ್ತಡದಲ್ಲಿ ಉಸಿರಾಡಿದಾಗ ಅದು ಹೆಚ್ಚಾಗಿ ರಕ್ತ, ಮಾಂಸದಲ್ಲಿ ಕರಗುತ್ತೆ. ಮೇಲೆ ಬಂದ ಮೇಲೆ ನಿಧಾನಕ್ಕೆ, ತಾಸುಗಟ್ಟಲೆ ಹೊರಗೆ ಹೋಗುತ್ತೆ. ಅದು ಪೂರ್ತಿ ಹೋಗುವ ಮೊದಲೇ ಹೊರಗಿನ ಒತ್ತಡ ಇನ್ನೂ ಕಡಿಮೆ ಆದ್ರೆ, ಸೋಡಾ ಬಾಟಲಿ ಮುಚ್ಚಳ ತೆಗೆದ ಹಾಗೆ ಗುಳ್ಳೆ ಏಳಬಹುದು. ಡೈವ್ ಮಾಡಿದ ತಕ್ಷಣ ವಿಮಾನ ಹತ್ತಬಾರದು ಅನ್ನೋದು ಇದಕ್ಕೇ. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಎಂಬ ಸಂಸ್ಥೆಯ ಸಲಹೆ ಹೀಗಿದೆ: ಒಂದೇ ಡೈವ್ ಆಗಿದ್ರೆ ಕನಿಷ್ಠ 12 ತಾಸು, ಒಂದಕ್ಕಿಂತ ಹೆಚ್ಚಾದ್ರೆ ಕನಿಷ್ಠ 18 ತಾಸು ಕಾಯಬೇಕು. ಈ ಲೆಕ್ಕ ಶುರುವಾಗೋದು 2,000 ಅಡಿ ಎತ್ತರದಿಂದ. ಬೆಳಗಾವಿ ಇರೋದು ಸುಮಾರು 2,500 ಅಡಿ ಮೇಲೆ. ಅಂಬೋಲಿಯೂ 2,000 ದಾಟುತ್ತೆ. ಬೆಳಿಗ್ಗೆ 10ಕ್ಕೆ ಡೈವ್ ಮಾಡಿ ಮಧ್ಯಾಹ್ನ 3ಕ್ಕೆ ಘಾಟ್ ಹತ್ತಿದ್ರೆ ಐದೇ ತಾಸು.

ಹೆದರಿಸೋಕೆ ಹೇಳ್ತಿಲ್ಲ. ನಾಲ್ಕೈದು ಮೀಟರಿನಲ್ಲಿ ಹದಿನೈದು ನಿಮಿಷ ಇದ್ದು ಬಂದವರಿಗೆ ಈ ಅಪಾಯ ತೀರಾ ಕಡಿಮೆ. ಆದರೆ ಎರಡು ಸಲ ಆಳಕ್ಕೆ ಇಳಿದು, ಹಿಂದಿನ ರಾತ್ರಿ ಕುಡಿದು, ಮೈಯಲ್ಲಿ ನೀರೇ ಇಲ್ಲದೆ ಘಾಟ್ ಹತ್ತೋದು ಬೇರೆ ಮಾತು. ಮೈ ಒಣಗಿದ್ದಾಗ ತೊಂದರೆ ಹೆಚ್ಚು ಅಂತ ಡೈವಿಂಗ್ ವೈದ್ಯರು ಎಚ್ಚರಿಸ್ತಾರೆ. ಮೇಲಾಗಿ ತಲೆ ಭಾರ, ಅಲೆಗೆ ದೋಣಿ ತೂಗಾಟ, ಬಾಯಲ್ಲಿ ಉಸಿರಾಟದ ನಳಿಕೆ ಇಟ್ಟುಕೊಂಡೇ ವಾಂತಿ. ನೀವೇ ಯೋಚಿಸ್ರಿ.

ಅದಕ್ಕೇ ಶುಕ್ರವಾರ ಸಂಜೆ ಬೇಗ ಹೊರಟು, ರಾತ್ರಿ ನಿದ್ದೆ ಮಾಡಿ, ಶನಿವಾರ ಬೆಳಿಗ್ಗೆ ಗ್ರಾಂಡೆ ದ್ವೀಪದ ಡೈವ್ ಮುಗಿಸಿಬಿಡ್ರಿ. ಮಧ್ಯಾಹ್ನ ಚೆನ್ನಾಗಿ ನೀರು ಕುಡಿದು ಒಂದು ನಿದ್ದೆ. ಸಂಜೆ ಎಲ್ಲ ನಿಮ್ಮದೇ. ಸೀಸನ್‌ನಲ್ಲಿ ಅರ್ಪೋರಾದ ರಾತ್ರಿ ಸಂತೆ ನಡೆಯೋದೂ ಶನಿವಾರವೇ. ಬಯಲಲ್ಲಿ ಸ್ಪೀಕರ್ ಹಚ್ಚೋಕೆ ರಾತ್ರಿ 10ರವರೆಗೆ ಮಾತ್ರ ಅವಕಾಶ, ಆಮೇಲೆ ಕುಣಿತ ಒಳಾಂಗಣದಲ್ಲಿ. ಬೀಚಿನ ಮರಳಲ್ಲಿ ಬಾಟಲಿ ಬಿಚ್ಚಬೇಡ್ರಿ, 2019ರಲ್ಲಿ ತಂದ ತಿದ್ದುಪಡಿಯಲ್ಲೇ ಒಬ್ಬರಿಗೆ 2,000 ರೂಪಾಯಿ, ಗುಂಪಿಗೆ 10,000 ದಂಡ ಇಟ್ಟಿದ್ದರು. ಕುಡಿದ ಮೇಲೆ ಕತ್ತಲಲ್ಲಿ ಅಲೆಗೆ ಇಳಿಯೋದಂತೂ ಬೇಡವೇ ಬೇಡ.

ಹುಕ್ಕೇರಿ, ಸಂಕೇಶ್ವರ ಕಡೆಯವರಿಗೆ ನಾನು ಮಾಲ್ವಣ ಹೇಳ್ತೀನಿ. ಗಡಹಿಂಗ್ಲಜ, ಆಜರಾ, ಅಂಬೋಲಿ, ಸಾವಂತವಾಡಿ ಮೇಲೆ ಸುಮಾರು 150 ಕಿಲೋಮೀಟರ್. ಸಿಂಧುದುರ್ಗ ಕೋಟೆ ಪಕ್ಕದಲ್ಲೇ ಡೈವ್. ಗೋವಾದಂಥ ರಾತ್ರಿ ಗದ್ದಲ ಅಲ್ಲಿಲ್ಲ, ಮೀನೂಟ ಮಾತ್ರ ಭರ್ಜರಿ. ನೀರು ತಿಳಿಯಾಗಿರಬೇಕು ಅನ್ನುವವರು ಮುರ್ಡೇಶ್ವರದ ನೇತ್ರಾಣಿಗೇ ಹೋಗಬೇಕು, ದಂಡೆಯಿಂದ ಸುಮಾರು 19 ಕಿಲೋಮೀಟರ್ ಒಳಗೆ. ಆದರೆ ನಮ್ಮ ಕಡೆಯಿಂದ ಅದು ಎರಡು ದಿನದ ರಜೆಗೆ ಬಿಗಿ. ಎಲ್ಲಿಗೇ ಹೋದ್ರೂ ಅಕ್ಟೋಬರ್‌ನಿಂದ ಮೇ ಒಳಗೆ, ಮಳೆಗಾಲದಲ್ಲಿ ಅಲ್ಲ.

ದೋಣಿಯಲ್ಲಿ ಲೈಫ್ ಜಾಕೆಟ್ ತೆಗೆಯಬೇಡ್ರಿ, ವಾಪಸ್ ಬರುವಾಗಲೂ. 2022ರ ಮೇ ತಿಂಗಳಲ್ಲಿ ತಾರ್ಕರ್ಲಿ ಹತ್ತಿರ ಸ್ಕೂಬಾ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ ಇಬ್ಬರು ಪ್ರಾಣ ಕಳೆದುಕೊಂಡರು. ಅಸ್ತಮಾ, ಹೃದಯದ ತೊಂದರೆ, ಮೂರ್ಛೆರೋಗ ಇದ್ದವರು ಫಾರ್ಮ್‌ನಲ್ಲಿ ಮುಚ್ಚಿಡಬೇಡ್ರಿ. ಬೋಧಕರ ಪ್ರಮಾಣಪತ್ರ ಕೇಳ್ರಿ, ಒಬ್ಬರ ಕೈಗೆ ಎಷ್ಟು ಜನ ಅಂತಾನೂ ಕೇಳ್ರಿ. ಕೇಳಿದ್ರೆ ಸಿಟ್ಟಾಗುವವರ ದೋಣಿ ಹತ್ತಬೇಡ್ರಿ.

ಊರಿಗೆ ಬಂದ ಮೇಲೆ ಒಂದು ದಿನ ಮೈಮೇಲೆ ಗಮನ ಇರಲಿ. ಕೀಲುನೋವು, ಕೈಕಾಲು ಜೋಮು, ತಲೆಸುತ್ತು, ವಿಪರೀತ ಸುಸ್ತು ಕಂಡ್ರೆ ‘ರಾತ್ರಿ ಜಾಸ್ತಿ ಆಯ್ತು’ ಅಂತ ಮಲಗಬೇಡ್ರಿ. ಆಸ್ಪತ್ರೆಗೆ ಹೋಗಿ ಮೊದಲ ಮಾತಿಗೇ ‘ಸಮುದ್ರದಾಗ ಡೈವ್ ಮಾಡಿ ಬಂದೀನ್ರೀ’ ಅಂತ ಹೇಳ್ರಿ. ಕಬ್ಬಿನ ಸೀಮೆಯ ಡಾಕ್ಟರಿಗೆ ಅದು ತಾನಾಗಿ ಹೊಳೆಯೋದು ಕಷ್ಟ, ಹೇಳಿದ್ರೆ ಅವರು ಮೊದಲು ಆಮ್ಲಜನಕ ಹಚ್ತಾರೆ.