ಕಂಪನಿ ಖರೀದಿ ಎಕರೆ ಲೆಕ್ಕದಿಂದ ಶುರುವಾಗಲಿ

ರೈತರೇ ಷೇರು ಹಾಕಿ ನಡೆಸುವ ಉತ್ಪಾದಕ ಕಂಪನಿಗಳಿಗೆ ದಾರಿಯಾದದ್ದು 2002ರ ಕಾಯ್ದೆ ತಿದ್ದುಪಡಿಯಿಂದ. 2020ರಲ್ಲಿ ಕೇಂದ್ರ ಸರ್ಕಾರ ಇಂಥ ಹತ್ತು ಸಾವಿರ ಸಂಸ್ಥೆ ಕಟ್ಟುವ ಯೋಜನೆ ತಂದಿತು. ಅದರಲ್ಲಿ ಕಚೇರಿ ಖರ್ಚಿಗೆ ಮೂರು ವರ್ಷಕ್ಕೆ 18 ಲಕ್ಷ ರೂಪಾಯಿವರೆಗೆ ನೆರವು. ಆಮೇಲೆ ಗುಮಾಸ್ತನ ಪಗಾರ, ಗೋದಾಮಿನ ಬಾಡಿಗೆ ಕಂಪನಿಯೇ ದುಡಿಯಬೇಕು. ಷೇರುದಾರನಾಗಿ ನಾನು ಕಂಡ ಮಟ್ಟಿಗೆ ಕಂಪನಿ ಉಳಿಯೋದು, ಮುಳುಗೋದು ಖರೀದಿಯಲ್ಲಿ.

ಯರಗುಪ್ಪಿ ಕಡೆ ನಮ್ಮದು ಎರಿ ಹೊಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲಿ, ಜೋಳ. ಹದ ಬಂತೆಂದರೆ ನಾಲ್ಕು ದಿನದಾಗ ಊರೆಲ್ಲ ಕೂರಿಗಿ ಹೂಡ್ತೈತಿ. ಐದನೇ ದಿನ ಬಂದ ಬೀಜ ಯಾರಿಗೆ ಬೇಕು? ಅದು ಗೋದಾಮಿನಲ್ಲಿ ಕೂತರೆ ನಮ್ಮ ಷೇರಿನ ರೊಕ್ಕ ಕೂತಂಗ. ಪ್ರಮಾಣಿತ ಬೀಜಕ್ಕೆ ಪರೀಕ್ಷೆಯಾದ ದಿನದಿಂದ ಅವಧಿ 9 ತಿಂಗಳು ಮಾತ್ರ.

ಬಹಳ ಕಡೆ "ಹೋದ ವರ್ಷ ಇಷ್ಟು ತಂದಿದ್ವಿ, ಈ ಸಲ ಇನ್ನೊಂದೀಟು ತರೋಣ" ಅಂತ ಪರಿಚಯದ ಅಂಗಡಿಗೆ ಫೋನ್ ಹಚ್ಚುತ್ತಾರೆ. ಇದು ಅಂದಾಜು, ಲೆಕ್ಕ ಅಲ್ಲ.

ಲೆಕ್ಕ ಹಿಂಗ ಮಾಡಿ ನೋಡ್ರಿ. ಸದಸ್ಯರು 300, ತಲಾ 2 ಎಕರೆ ಕಡಲಿ, ಎಕರೆಗೆ 25 ಕಿಲೋ ಬೀಜ. ಒಟ್ಟು 150 ಕ್ವಿಂಟಲ್. ಅಷ್ಟೂ ತಂದರೆ ಕಂಪನಿ ಮುಳುಗಿತು! ಯಾಕಂದರ ಮನೆಯಲ್ಲಿ ಬೀಜ ಇಟ್ಟವರು ಇದ್ದಾರೆ, ರೈತ ಸಂಪರ್ಕ ಕೇಂದ್ರದ ಸಬ್ಸಿಡಿ ಬೀಜಕ್ಕೆ ಪಾಳಿ ಹಚ್ಚುವವರೂ ಇದ್ದಾರೆ. ಮನಿ ಬೀಜ 60, ಕೇಂದ್ರದ್ದು 40 ಕ್ವಿಂಟಲ್ ಆದರೆ ಕಂಪನಿ ತರಬೇಕಾದದ್ದು 50 ಮಾತ್ರ. ಹೀಗಾಗಿ ವಹಿಯಲ್ಲಿ ಸದಸ್ಯನ ಹೆಸರಿನ ಮುಂದೆ ಎಕರೆ, ತಳಿ, ಮನಿ ಬೀಜ, ಕೇಂದ್ರದ ಬೀಜ, ಕಂಪನಿಯಿಂದ ಬೇಕಾದದ್ದು ಅಂತ ಕಲಮು ಇರಲಿ. ತಳಿ ಬರೆಯದಿದ್ದರೆ ಒಬ್ಬ ಜೆ.ಜಿ.-11 ಕೇಳಿದರೆ ಇನ್ನೊಬ್ಬ ಬಿ.ಜಿ.ಡಿ.-103 ಕೇಳ್ತಾನ.

ಹೆಸರು ಬರೆಸಿದವರಿಂದ ಚೂರಾದರೂ ಮುಂಗಡ ತಗೋಬೇಕು. ರೊಕ್ಕ ಇಲ್ಲದ ಬೇಡಿಕೆ ಬಾಯಿಮಾತು. ಇದಕ್ಕೆ ಮಂದಿ ಸಿಟ್ಟಾಗ್ತಾರ, ಆಗಲಿ.

ಆಮೇಲೆ ಕನಿಷ್ಠ ಮೂರು ಕಡೆ ದರ ಬರೆಸಿ ತರಿಸಬೇಕು. ಬಾಡಿಗಿ, ಹಮಾಲಿ ಸೇರಿ ನಮ್ಮ ಗೋದಾಮಿನ ಬಾಗಿಲಿಗೆ ಬಿದ್ದ ದರ ಹೋಲಿಸಿರಿ. ಗೊಬ್ಬರದ ಚೀಲದ ಮೇಲೆ ಗರಿಷ್ಠ ದರ ಅಚ್ಚಾಗಿರ್ತೈತಿ. ಅಲ್ಲಿ ಮೋಸ ಇರೋದು 'ಲಿಂಕ್' ಮಾಲಿನಲ್ಲಿ. ಡಿ.ಎ.ಪಿ. ಜೊತೆ ಬೇಡಾದ ಡಬ್ಬಿ ಬಾಟಲಿ ಹೇರಿದರೆ ಅದರ ಬೆಲೆಯೂ ಖರೀದಿ ದರಕ್ಕೆ ಕೂಡಿಸಿ ನೋಡ್ರಿ, ಅಗ್ಗದ್ದು ತುಟ್ಟಿ ಆಗ್ತೈತಿ. ಬಂದ ದರಗಳನ್ನು ಸದಸ್ಯರ ಎದುರೇ ಓದಬೇಕು. ನಿರ್ದೇಶಕರ ಬೀಗರ ಅಂಗಡಿ ಇದ್ದರೂ ಅಡ್ಡಿ ಇಲ್ಲ, ದರ ಕಡಿಮೆ ಇರಲಿ.

ಬೀಜ ಬಂದ ದಿನವೇ ಪೂರ್ತಿ ರೊಕ್ಕ ಎಣಿಸಬಾರದು. ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ ಇರ್ತೈತಿ, ಅದರ ಲಾಟ್ ನಂಬರ್, ಅವಧಿ ವಹಿಗೆ ಬರೀರಿ. ಪ್ರತಿ ಲಾಟಿನಿಂದ 100 ಕಾಳು ಹಸಿ ಗೋಣಿತಟ್ಟಿನಲ್ಲಿ ಸುತ್ತಿಟ್ಟು ವಾರದ ಮೇಲೆ ಎಣಿಸಿದರೆ ಕಡಲಿ 85, ಹೆಸರು 75 ಮೊಳೆತಿರಬೇಕು. ಸರ್ಕಾರದ ಅಳತೆಯೇ ಅದು. ಈ ವಾರ ಸಿಗಬೇಕಾದರೆ ಬೀಜ ಬಿತ್ತಿಗೆಗೆ 20 ದಿನ ಮೊದಲೇ ಇಳಿದಿರಬೇಕು.

ಹಸ್ತ, ಚಿತ್ತಿ ಮಳೆಗೆ ಕಡಲಿ ಬಿತ್ತುವವರು ನಾವು. ಹಿಂಗಾರಿ ಪಟ್ಟಿ ಗಣೇಶ ಚವತಿಯೊಳಗೆ ಮುಗಿಸಿರಿ ಎಂದು ನಮ್ಮ ಸಭೆಯಲ್ಲಿ ಕೇಳಿದ್ದೇನೆ. "ಮಳಿ ನೋಡಿ ಹೇಳ್ತೀವಿ" ಅನ್ನುವವರು ಇದ್ದೇ ಇದ್ದಾರೆ. ಅವರಿಗೆ ಪಟ್ಟಿ ಮೇಲೆ ಐದು ಕ್ವಿಂಟಲ್ ಹೆಚ್ಚಿಗೆ ತರಿಸಿ, ಕಿಲೋಕ್ಕೆ ಎರಡು ರೂಪಾಯಿ ಜಾಸ್ತಿ ಹಚ್ಚೋಣ ಅಂತ ಮಾತಾಗಿದೆ.