ಸೋತ ತಂಡವೂ ಸೋಲದ ಅಭಿಮಾನಿಯೂ

ಗೆಲ್ಲುವ ತಂಡಕ್ಕೆ ಅಭಿಮಾನಿಗಳು ತಾವಾಗಿಯೇ ಒದಗುತ್ತಾರೆ. ತೇರು ಮುಂದಕ್ಕೆ ಉರುಳುತ್ತಿರುವಾಗ ಹಗ್ಗಕ್ಕೆ ಕೈಹಚ್ಚುವವರಿಗೆ ಬರಗಾಲವಿಲ್ಲ. ಗಾಲಿ ಕೆಸರಿನಲ್ಲಿ ಹೂತು ತೇರು ನಿಂತಾಗಲೂ ಹಗ್ಗವನ್ನು ಬಿಡದವರ ಭಕ್ತಿಯೇ ಭಕ್ತಿ. ಅಮೇರಿಕದ ನ್ಯೂಯಾರ್ಕ್ ಸಂಸ್ಥಾನದ ಪಶ್ಚಿಮದ ಅಂಚಿನಲ್ಲಿ, ಈರಿ ಸರೋವರದ ದಂಡೆಯ ಮೇಲೆ, ಕೆನಡಾ ದೇಶಕ್ಕೆ ಎದುರಾಗಿರುವ ಬಫಲೋ ಪಟ್ಟಣದ ಜನರು ಹೀಗೆ ನಿಂತ ತೇರಿನ ಹಗ್ಗವನ್ನು ಹಿಡಿದು 14 ವರ್ಷ ಕಳೆದವರು. ಅವರ ಮಂಜುಗಡ್ಡೆಯ ಹಾಕಿ ತಂಡವಾದ ಬಫಲೋ ಸೇಬರ್ಸ್, 2011–12ರಿಂದ 2024–25ರ ವರೆಗಿನ 14 ಋತುಗಳಲ್ಲಿ ಒಮ್ಮೆಯಾದರೂ ಅಂತಿಮ ಹಂತದ ಪಂದ್ಯಗಳಿಗೆ ಅರ್ಹತೆಯನ್ನು ಪಡೆಯಲಿಲ್ಲ. ರಾಷ್ಟ್ರೀಯ ಹಾಕಿ ಲೀಗಿನ ಚರಿತ್ರೆಯಲ್ಲಿ ಮತ್ತಾವ ತಂಡಕ್ಕೂ ಇಷ್ಟು ದೀರ್ಘವಾದ ವನವಾಸ ಪ್ರಾಪ್ತವಾಗಿರಲಿಲ್ಲ. ಪಾಂಡವರಿಗಾದರೂ ಹದಿಮೂರೇ ವರ್ಷ!

ಹಾಕಿ ಎಂದೊಡನೆ ನಮ್ಮ ವಾಚಕರ ಕಣ್ಣಿಗೆ ಕಟ್ಟುವುದು ಹುಲ್ಲಿನ ಬಯಲು, ಅದರಲ್ಲಿಯೂ ಕೊಡಗು. 1997ರಲ್ಲಿ ಪಾಂಡಂಡ ಮನೆತನದವರು ಆರಂಭಿಸಿದ ಕೌಟುಂಬಿಕ ಹಾಕಿ ಉತ್ಸವದಲ್ಲಿ ತಂಡವೆಂದರೆ ಮನೆತನವೇ. ಅಲ್ಲಿ ತಮ್ಮ ಮನೆಯ ಹುಡುಗನನ್ನು ಕೊಟ್ಟು ನೆರೆಮನೆಯ ಹುಡುಗನನ್ನು ತರುವ ಮಾತನ್ನೆತ್ತಿದರೆ ಜನ ನಕ್ಕಾರು. ಅಮೇರಿಕದ ಪದ್ಧತಿ ಇದಕ್ಕೆ ತೀರ ವಿರುದ್ಧವಾದುದು. ಅಲ್ಲಿ ತಂಡವು ಒಬ್ಬ ಧಣಿಯ ಸ್ವತ್ತು. ಕರಾರಿನಲ್ಲಿ ವಿಶೇಷ ರಕ್ಷಣೆಯನ್ನು ಬರೆಯಿಸಿಕೊಂಡಿರದ ಆಟಗಾರನನ್ನು, ಅವನ ಸಮ್ಮತಿಯನ್ನು ಕೇಳದೆಯೇ, ಸಾವಿರ ಮೈಲು ದೂರದ ಇನ್ನೊಂದು ತಂಡಕ್ಕೆ ಕೊಟ್ಟುಬಿಡಬಹುದು. ಪ್ರತಿಯಾಗಿ ಬರುವುದು ಮತ್ತೊಬ್ಬ ಆಟಗಾರ, ಇಲ್ಲವೆ ಮುಂದಿನ ವರ್ಷಗಳಲ್ಲಿ ಹೊಸ ತರುಣರನ್ನು ಆರಿಸಿಕೊಳ್ಳುವ ಒಂದು ಸರದಿಯ ಹಕ್ಕು. ಇದರ ಮೇಲೆ ಒಟ್ಟು ವೇತನಕ್ಕೆ ಕಟ್ಟುನಿಟ್ಟಾದ ಮಿತಿಯುಂಟು. 2024–25ರಲ್ಲಿ ಅದು 8 ಕೋಟಿ 80 ಲಕ್ಷ ಡಾಲರು. ಒಬ್ಬನಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬನಿಗೆ ಕಡಿಮೆ ಬೀಳಲೇಬೇಕು. ಆದುದರಿಂದ ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕೆಂಬುದು ಅಲ್ಲಿ ಆಟದಷ್ಟೇ ಮುಖ್ಯವಾದ ಆಟವಾಗಿದೆ. ಪ್ರತಿಯೊಬ್ಬ ಅಭಿಮಾನಿಯೂ ತನ್ನ ಮನೆಯ ಜಗುಲಿಯ ಮೇಲೆ ಕುಳಿತ ಮಂತ್ರಿಯೇ ಆಗಿದ್ದಾನೆ.

ವಿನಿಮಯವೇ ಕೆಟ್ಟದ್ದೆಂದು ಬಫಲೋದ ಜನ ಹೇಳಲಾರರು. 1970ರಲ್ಲಿ ಹುಟ್ಟಿದ ಈ ತಂಡವು ಐದೇ ವರ್ಷಗಳಲ್ಲಿ, ಗಿಲ್ಬರ್ಟ್ ಪೆರೋ ಮುಂತಾದವರ ಬಲದಿಂದ, ಸ್ಟ್ಯಾನ್ಲಿ ಕಪ್ಪಿನ ಕಟ್ಟಕಡೆಯ ಸುತ್ತನ್ನು ಮುಟ್ಟಿತ್ತು. 1992ರಲ್ಲಿ ಷಿಕಾಗೋ ತಂಡದಿಂದ ವಿನಿಮಯದ ಮೂಲಕವೇ ಬಂದ ಗೋಲ್‌ಕೀಪರ್ ಡೊಮಿನಿಕ್ ಹಾಷೆಕ್ 1997 ಮತ್ತು 1998ರಲ್ಲಿ ಲೀಗಿನ ಶ್ರೇಷ್ಠ ಆಟಗಾರನೆನಿಸಿ, 1999ರಲ್ಲಿ ತಂಡವನ್ನು ಮತ್ತೊಮ್ಮೆ ಕಪ್ಪಿನ ಹೊಸ್ತಿಲಿಗೆ ಒಯ್ದನು. 2006–07ರಲ್ಲಿ ಲೀಗಿನ ಅಂಕಪಟ್ಟಿಯಲ್ಲಿ ಈ ತಂಡವೇ ಮೊದಲನೆಯದು. ಆದರೆ ಆ ಬೇಸಿಗೆಯಲ್ಲಿ, ಜುಲೈ 1ರಂದು, ಕರಾರು ಮುಗಿದ ಇಬ್ಬರು ನಾಯಕರಾದ ಡ್ರೂರಿ ಮತ್ತು ಬ್ರಿಯೇರ್ ಒಂದೇ ದಿನ ಬೇರೆ ತಂಡಗಳನ್ನು ಸೇರಿದರು. ತಂಡಕ್ಕೆ ಪ್ರತಿಯಾಗಿ ಒಂದು ಕಾಸಿನ ಫಲವೂ ದೊರೆಯಲಿಲ್ಲ. ಇಳಿಗಾಲವು ಅಂದೇ ಮೊದಲಾಯಿತೆಂದು ಹಳೆಯ ಅಭಿಮಾನಿಗಳ ಎಣಿಕೆ.

2011ರಲ್ಲಿ ಟೆರಿ ಪೆಗೂಲಾ ಎಂಬ ಶ್ರೀಮಂತರು ತಂಡವನ್ನು ಕೊಂಡರು. ಸ್ಟ್ಯಾನ್ಲಿ ಕಪ್ಪನ್ನು ಗೆಲ್ಲುವುದೇ ಇನ್ನು ಮುಂದೆ ತಂಡದ ಅಸ್ತಿತ್ವದ ಕಾರಣವೆಂದು ಅವರು ಸಾರಿದಾಗ ಊರಿಗೆ ಊರೇ ಹಿಗ್ಗಿತು. ಆದರೆ ನಡೆದುದೇನು? ಮೂರು ವರ್ಷಗಳೊಳಗೆ ತಂಡವನ್ನು ಬುಡಸಹಿತ ಕಿತ್ತು ಹೊಸದಾಗಿ ನೆಡುವ ನೀತಿಯು ಕೈಗೂಡಿತು. ಹಳೆಯ ಆಟಗಾರರು ಒಬ್ಬೊಬ್ಬರಾಗಿ ಹೋದರು. 2013–14 ಮತ್ತು 2014–15 ಎರಡೂ ಋತುಗಳಲ್ಲಿ ಸೇಬರ್ಸ್ ಕಟ್ಟಕಡೆಯ ಸ್ಥಾನದಲ್ಲಿ ನಿಂತಿತು. ಕಟ್ಟಕಡೆಯವರಿಗೆ ಹೊಸಬರ ಆಯ್ಕೆಯಲ್ಲಿ ಮೊದಲ ಸರದಿ ಸಿಕ್ಕುವ ಸಂಭವ ಹೆಚ್ಚು. ಆ ವರ್ಷದ ಹೊಸಬರಲ್ಲಿ ಕಾನರ್ ಮ್ಯಾಕ್‌ಡೇವಿಡ್ ಎಂಬ ಅಸಾಮಾನ್ಯ ತರುಣನಿದ್ದನು. ಸೋತು ಸೋತು ಅವನನ್ನು ಪಡೆಯುವುದೇ ಹಂಚಿಕೆಯಾಯಿತು.

ಇಲ್ಲಿ ಅಭಿಮಾನಿಗಳ ತಪ್ಪನ್ನೂ ನಾವು ಮುಚ್ಚಿಡಲಾರೆವು. 2015ರ ಮಾರ್ಚ್ 26ರಂದು, ಅವರಷ್ಟೇ ಹಿಂದೆ ಬಿದ್ದಿದ್ದ ಅರಿಝೋನಾ ತಂಡವು ಬಫಲೋದ ಅಂಗಣದಲ್ಲಿಯೇ ಹೆಚ್ಚುವರಿ ಆಟದಲ್ಲಿ ಗೆಲುವಿನ ಗೋಲು ಹೊಡೆದಾಗ, ಸ್ವಂತ ಊರಿನ ಪ್ರೇಕ್ಷಕರಲ್ಲಿ ಅನೇಕರು ಹರ್ಷಧ್ವನಿ ಮಾಡಿದರು. ತಮ್ಮವರ ಸೋಲಿಗೆ ತಾವೇ ಚಪ್ಪಾಳೆ! ಅವರ ಲೆಕ್ಕ ನಮಗೆ ತಿಳಿಯದುದಲ್ಲ. ಇಂದಿನ ಉಪವಾಸ ನಾಳಿನ ಹಬ್ಬಕ್ಕೆಂದು ಅವರು ಬಗೆದಿದ್ದರು. ಆದರೆ ಮಂಜುಗಡ್ಡೆಯ ಮೇಲೆ ಬೆವರು ಸುರಿಸುತ್ತಿದ್ದ ಆಟಗಾರನ ಎದೆಗೆ ಆ ಧ್ವನಿ ಹೇಗೆ ನಾಟಿರಬೇಡ! ಕೊನೆಗೆ ಚೀಟಿ ಎತ್ತಿದಾಗ ಮೊದಲ ಸರದಿಯು ಎಡ್ಮಂಟನ್ ತಂಡದ ಪಾಲಾಯಿತು. ಬಫಲೋಗೆ ಎರಡನೆಯ ಸರದಿ ಬಂದು, ಜ್ಯಾಕ್ ಐಕೆಲ್ ಎಂಬ ಮತ್ತೊಬ್ಬ ಸಮರ್ಥ ತರುಣನು ದೊರೆತನು. ಸೋಲನ್ನು ಸಾಧನವೆಂದು ಹಿಡಿದವರಿಗೆ ಅದು ಮನೆಯೊಳಗಿನ ರೂಢಿಯಾಗಿ ಅಂಟಿಕೊಂಡಿತು. 2018ರಲ್ಲಿ ರಯನ್ ಓ’ರೈಲಿ ಎಂಬ ದಕ್ಷ ಆಟಗಾರನು, ಈ ವಾತಾವರಣದಲ್ಲಿ ಕೆಲವೊಮ್ಮೆ ತನಗೆ ಆಟದ ಮೇಲಿನ ಪ್ರೀತಿಯೇ ಹೋಯಿತೆಂದು ಬಾಯಿಬಿಟ್ಟು ಹೇಳಿದನು. ಮನೆಗೆ ಬೆಂಕಿ ಬಿದ್ದಿದೆಯೆಂದು ಕೂಗಿದವನನ್ನೇ ಹೊರಕ್ಕೆ ಹಾಕಿದಂತೆ, ಆ ಜುಲೈ ತಿಂಗಳಲ್ಲಿ ಅವನನ್ನು ಸೇಂಟ್ ಲೂಯಿಸ್ ತಂಡಕ್ಕೆ ಕೊಟ್ಟುಬಿಟ್ಟರು. ಮರುವರ್ಷವೇ ಆ ತಂಡವು ಕಪ್ಪನ್ನು ಗೆದ್ದಿತು. ಆ ಪಂದ್ಯಗಳ ಶ್ರೇಷ್ಠ ಆಟಗಾರನೆಂಬ ಪದಕವು ಓ’ರೈಲಿಗೇ ಸಂದಿತು.

ಐಕೆಲನ ಪ್ರಕರಣವು ಇದಕ್ಕಿಂತಲೂ ಗಂಭೀರವಾದುದು. ನಾಯಕನಾಗಿದ್ದ ಅವನ ಕುತ್ತಿಗೆಗೆ 2021ರ ಮಾರ್ಚಿಯಲ್ಲಿ ಪೆಟ್ಟಾಯಿತು. ಹಾನಿಗೊಂಡ ತಟ್ಟೆಯ ಸ್ಥಳದಲ್ಲಿ ಕೃತ್ರಿಮ ತಟ್ಟೆಯನ್ನು ಇಡಿಸಿಕೊಳ್ಳಬೇಕೆಂದು ಅವನ ಇಷ್ಟ. ಮೂಳೆಗಳನ್ನು ಬೆಸೆಯುವ ಶಸ್ತ್ರಚಿಕಿತ್ಸೆಯೇ ಯೋಗ್ಯವೆಂದು ತಂಡದ ವೈದ್ಯರ ಮತ. ಲೀಗಿನ ಒಪ್ಪಂದದ ಮೇರೆಗೆ ಕಡೆಯ ಮಾತು ತಂಡದ್ದಾಗಿತ್ತು. ಕುತ್ತಿಗೆ ಅವನದು, ತೀರ್ಮಾನ ಪರರದು! ತಿಂಗಳುಗಟ್ಟಲೆ ಹಗ್ಗಜಗ್ಗಾಟ ನಡೆದು, ನಾಯಕತ್ವವನ್ನು ಕಸಿದುಕೊಂಡು, ನವೆಂಬರ್ 4ರಂದು ಅವನನ್ನು ವೇಗಸ್ ತಂಡಕ್ಕೆ ಸಾಗಿಸಿದರು. ಅಲ್ಲಿ ಅವನು ತನ್ನ ಇಚ್ಛೆಯ ಚಿಕಿತ್ಸೆಯನ್ನೇ ಮಾಡಿಸಿಕೊಂಡು, 2023ರಲ್ಲಿ ಕಪ್ಪನ್ನು ಗೆದ್ದನು. ಆ ಅಂತಿಮ ಹಂತದ ಪಂದ್ಯಗಳಲ್ಲಿ 26 ಅಂಕಗಳೊಡನೆ ಎಲ್ಲರಿಗಿಂತ ಮುಂದಿದ್ದವನೂ ಅವನೇ. ಅಭಿಮಾನಿಗಳು ಈ ವಿಷಯದಲ್ಲಿ ಇಬ್ಭಾಗವಾಗಿದ್ದರು. ತಂಡದ ಶಿಸ್ತು ದೊಡ್ಡದೆಂದವರೂ ಇದ್ದರು. ಮನುಷ್ಯನ ದೇಹವು ಕರಾರಿಗಿಂತ ದೊಡ್ಡದೆಂದವರೂ ಇದ್ದರು. ನಾವು ಎರಡನೆಯವರ ಪಕ್ಷದವರು. ವೇತನ ಕೊಟ್ಟವನು ಆಟವನ್ನು ಕೊಳ್ಳಬಹುದು, ಬೆನ್ನೆಲುಬನ್ನು ಕೊಳ್ಳಲಾಗದು.

2024ರಲ್ಲಿ ಫ್ಲಾರಿಡಾ ತಂಡವು ಕಪ್ಪನ್ನೆತ್ತಿದಾಗ ಅದರಲ್ಲಿ ಬಫಲೋದ ಹಳಬರು ಐವರಿದ್ದರು. ಏಳನೆಯ ಪಂದ್ಯದ ಗೆಲುವಿನ ಗೋಲನ್ನು ಹೊಡೆದ ಸ್ಯಾಮ್ ರೈನ್‌ಹಾರ್ಟ್, ಐಕೆಲ್ ಹೋದ ವರ್ಷವೇ ವಿನಿಮಯವಾಗಿ ಹೋದವನು. ಕೆಲವೇ ತಿಂಗಳ ಹಿಂದೆ ಸೇಬರ್ಸ್ ನಾಯಕನಾಗಿದ್ದ ಓಕ್‌ಪೋಸೋ ಸಹ ಅಲ್ಲಿದ್ದನು. ತಮ್ಮ ಮನೆಯಲ್ಲಿ ದೀಪವಿಲ್ಲದಿದ್ದರೂ ನೆರೆಮನೆಯಲ್ಲಿ ತಮ್ಮ ಮಗನು ಹಚ್ಚಿದ ದೀಪವನ್ನು ನೋಡುವ ತಾಯಿಯ ಸ್ಥಿತಿ ಬಫಲೋದ ಅಭಿಮಾನಿಯದಾಗಿತ್ತು: ಸಂತೋಷವೂ ಹೌದು, ಸಂಕಟವೂ ಹೌದು.

ಹಾಗಾದರೆ ಅಭಿಮಾನಿಗಳ ಅಭಿಪ್ರಾಯವೇನು? ಮೂರು ಪಕ್ಷಗಳನ್ನು ನಾವು ಕಾಣುತ್ತೇವೆ. ಮೊದಲನೆಯವರು ತಾಳ್ಮೆಯವರು: ತರುಣರನ್ನು ಬೆಳೆಯಗೊಡಿರಿ, ಹಣ್ಣಾಗುವ ಮುನ್ನ ಕಾಯನ್ನು ಕೀಳಬೇಡಿರಿ ಎಂಬುವರು. ಎರಡನೆಯವರು ಅವಸರದವರು: ಬೀಜವನ್ನೇ ಎಷ್ಟು ವರ್ಷ ಕೂಡಿಡುವುದು, ಇಬ್ಬರು ತರುಣರನ್ನು ಕೊಟ್ಟಾದರೂ ಒಬ್ಬ ನುರಿತವನನ್ನು ತನ್ನಿರಿ ಎಂಬುವರು. ಮೂರನೆಯವರು ಬೇರಿಗೆ ಕೈಹಾಕುವವರು: ಆಟಗಾರರನ್ನು ಬದಲಿಸಿ ಫಲವಿಲ್ಲ, ಬದಲಾಗಬೇಕಾದುದು ಮೇಲಿನ ಕಾರಭಾರವೇ ಎಂಬುವರು.

ಮೊದಲ ಪಕ್ಷದವರಿಗೂ ಆಧಾರವಿಲ್ಲದಿಲ್ಲ. ಓ’ರೈಲಿಯ ವಿನಿಮಯವನ್ನು ಜನ ವರ್ಷಗಟ್ಟಲೆ ಶಪಿಸಿದರು; ಆದರೆ ಅದರಲ್ಲಿ ಬಂದ ಟೇಜ್ ಥಾಂಪ್ಸನ್ 2022–23ರಲ್ಲಿ 47 ಗೋಲುಗಳನ್ನು ಹೊಡೆದು ಶಾಪವನ್ನು ಅರ್ಧಕ್ಕಿಳಿಸಿದನು. ಐಕೆಲನ ಬದಲಿಗೆ ಬಂದ ಅಲೆಕ್ಸ್ ಟಕ್ ಬಾಲ್ಯದಿಂದ ಇದೇ ತಂಡದ ಅಭಿಮಾನಿಯಾಗಿದ್ದವನು. ಬೇರೆಯವರು ಬಿಟ್ಟುಹೋಗಲು ಹವಣಿಸಿದ ಊರಿಗೆ ಅವನು ಹಬ್ಬದಂತೆ ಬಂದನು. ಆ 2022–23ರಲ್ಲಿ ತಂಡವು ಒಂದೇ ಒಂದು ಅಂಕದಿಂದ ಅರ್ಹತೆಯನ್ನು ಕಳೆದುಕೊಂಡಿತು.

ಎರಡನೆಯ ಪಕ್ಷದವರ ವಾದಕ್ಕೆ ಬಲ ಬಂದುದು ಅಲ್ಲಿಂದಲೇ. ಒಂದು ಅಂಕದ ಕೊರತೆಯನ್ನು ತುಂಬಲು ಮರುವರ್ಷ ಮಾಡಿದುದೇನು? ಗೋಲಿನ ಬಾಯಿಯಲ್ಲಿ ಅನುಭವಿಯೊಬ್ಬನನ್ನು ತಂದು ನಿಲ್ಲಿಸಿರೆಂದು ಅಭಿಮಾನಿಗಳು ಕೂಗುತ್ತಿದ್ದರೂ, ಅಷ್ಟರವರೆಗೆ ಲೀಗಿನಲ್ಲಿ ಏಳೇ ಪಂದ್ಯಗಳನ್ನಾಡಿದ್ದ 21 ವರ್ಷದ ಡೆವನ್ ಲೆವಿಯ ಮೇಲೆ ಆ ಭಾರವನ್ನು ಹೊರಿಸಿ 2023–24ನ್ನು ಆರಂಭಿಸಿದರು. 91 ಇದ್ದ ಅಂಕಗಳು 84ಕ್ಕೆ ಇಳಿದವು. ಇದು ಹುಡುಗನ ತಪ್ಪಲ್ಲ. ಎಳೆಗರುವಿಗೆ ನೊಗ ಹೂಡಿದವರ ತಪ್ಪು.

2024ರ ಡಿಸೆಂಬರಿನಲ್ಲಿ, ತಂಡವು ಒಂದಾದ ಮೇಲೊಂದರಂತೆ ಸೋಲುತ್ತಿದ್ದಾಗ, ಅಂದಿನ ವ್ಯವಸ್ಥಾಪಕರಾದ ಕೆವಿನ್ ಆಡಮ್ಸ್ ತಮ್ಮ ಕಷ್ಟವನ್ನು ತೋಡಿಕೊಂಡರು: ಇದು ತಾಳೆಮರಗಳ ನಾಡಲ್ಲ, ತೆರಿಗೆಯೂ ಹೆಚ್ಚು, ಅನೇಕ ಆಟಗಾರರು ಬಫಲೋಗೆ ಬರಲೊಲ್ಲರು ಎಂಬುದು ಅವರ ಮಾತಿನ ಸಾರ. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೂ ಊರಿನ ಜನಕ್ಕೆ ಅದು ಕುಣಿಯಲಾರದವರು ನೆಲ ಡೊಂಕೆಂದಂತೆ ಕೇಳಿಸಿದರೆ ಆಶ್ಚರ್ಯವಲ್ಲ. ಬಫಲೋಗಿಂತ ಎಷ್ಟೋ ಹೆಚ್ಚು ಚಳಿಯುಳ್ಳ ಕೆನಡಾದ ವಿನ್ನಿಪೆಗ್ ಊರಿನ ತಂಡವೇ ಆ 2024–25ರಲ್ಲಿ ಅಂಕಪಟ್ಟಿಯ ಮೊದಲನೆಯ ಸ್ಥಾನದಲ್ಲಿತ್ತು. ಅಲ್ಲಿ ಯಾವ ತಾಳೆಮರ ಬೆಳೆದಿದೆ? ಆಟಗಾರರು ಬರಲೊಲ್ಲದಿದ್ದುದು ಹಿಮಕ್ಕಾಗಿ ಅಲ್ಲ, ಸೋಲಿನ ರೂಢಿಗಾಗಿ.

ಆದುದರಿಂದ ಮೂರನೆಯ ಪಕ್ಷದವರ ಮಾತೇ ನಮಗೆ ಹೆಚ್ಚು ಗ್ರಾಹ್ಯವಾಗಿ ತೋರುತ್ತದೆ. 2013ರಲ್ಲಿ ಲಿಂಡಿ ರಫ್‌ರನ್ನು ತೆಗೆದ ಬಳಿಕ ಆರು ಮಂದಿ ತರಬೇತುದಾರರು ಬಂದು ಹೋಗಿ, 2024ರಲ್ಲಿ ಅದೇ ರಫ್‌ರನ್ನು ಮರಳಿ ಕರೆತಂದರು. ವ್ಯವಸ್ಥಾಪಕರೂ ಒಬ್ಬರ ಹಿಂದೊಬ್ಬರು ಬದಲಾದರು; ಆಡಮ್ಸ್‌ರೂ 2025ರ ಡಿಸೆಂಬರಿನಲ್ಲಿ ಅಧಿಕಾರವನ್ನು ಬಿಡಬೇಕಾಯಿತು. ಪ್ರತಿಯೊಬ್ಬರೂ ಹಿಂದಿನವರು ನೆಟ್ಟುದನ್ನು ಕಿತ್ತು ತಮ್ಮದನ್ನು ನೆಟ್ಟರು. ಹೀಗೆ ವರ್ಷಕ್ಕೊಮ್ಮೆ ಬೇರು ನೋಡುವ ತೋಟಗಾರನಿಗೆ ಯಾವ ಗಿಡ ಫಲ ಕೊಟ್ಟೀತು?

ಅಭಿಮಾನಿಗಳು ಬಲ್ಲವರಲ್ಲ, ಅವರ ಮಾತಿಗೆ ಬೆಲೆಯೇನು ಎಂಬುವರುಂಟು. ಅವರು ಬಿಡಿಬಿಡಿಯಾದ ತೀರ್ಪುಗಳಲ್ಲಿ ತಪ್ಪಿದ್ದುಂಟು. ಥಾಂಪ್ಸನ್‌ನ ವಿಷಯದಲ್ಲಿ ತಪ್ಪಿದರು. ಸೋಲಿಗೆ ಚಪ್ಪಾಳೆ ತಟ್ಟಿದಾಗ ಮತ್ತೂ ದೊಡ್ಡದಾಗಿ ತಪ್ಪಿದರು. ಆದರೆ ಇಡಿಯಾದ ತೀರ್ಪಿನಲ್ಲಿ ಅವರು ತಪ್ಪಲಿಲ್ಲ. ರೋಗವು ಆಟಗಾರರಲ್ಲಿಲ್ಲ, ಕಾರಭಾರದಲ್ಲಿದೆಯೆಂದು ಅವರು ಹೇಳುತ್ತಲೇ ಬಂದರು. ಹೊರಗೆ ಹೋದ ಆಟಗಾರರು ಗೆದ್ದ ಕಪ್ಪುಗಳೇ ಅದಕ್ಕೆ ಸಾಕ್ಷಿ. ಅಡಿಗೆಯನ್ನು ಮಾಡಲು ಬಾರದವನಿಗೂ ಅನ್ನ ಸೀದುಹೋದುದು ತಿಳಿಯುತ್ತದೆ.

ಧಣಿಯ ಹೆಸರು ಪತ್ರದಲ್ಲಿರುತ್ತದೆ. ಆಟಗಾರನ ಹೆಸರು ಅಂಗಿಯ ಬೆನ್ನ ಮೇಲಿರುತ್ತದೆ. ಧಣಿ ಮಾರಬಹುದು, ಆಟಗಾರ ಹೋಗಬಹುದು, ವ್ಯವಸ್ಥಾಪಕ ಬದಲಾಗಬಹುದು. ಹಿಮ ಬೀಳುವ ರಾತ್ರಿಯಲ್ಲಿ ಮಗುವಿನ ಕೈಹಿಡಿದು, ಸೋಲನ್ನು ಕಾಣಲೆಂದೇ ಚೀಟಿ ಕೊಂಡು ಬಂದಂತೆ ಬಂದು ಕುಳಿತವನನ್ನು ಮಾತ್ರ ಯಾರೂ ವಿನಿಮಯ ಮಾಡಲಾರರು. ತಂಡದ ಪಟ್ಟಿಯಲ್ಲಿ ಅವನೊಬ್ಬನೇ ಸ್ಥಿರನು. ಅಂಥವನ ಮಾತನ್ನು ಕೇಳದ ಆಡಳಿತವು, ಅದು ಆಟದ್ದಾಗಲಿ ಮತ್ತೊಂದರದ್ದಾಗಲಿ, ತನ್ನ ಕಿವಿಯನ್ನು ತಾನೇ ಕೊಯ್ದುಕೊಂಡಂತೆಯೇ ಸರಿ.