ಜೂರಿಯ ಮುಂದೆ ವಕೀಲನ ಮಾತು

ವಕೀಲನೆಂದರೆ ವಾಗ್ಮಿ, ವಾಗ್ಮಿಯಾದವನಿಗೆ ಮೊಕದ್ದಮೆಯಲ್ಲಿ ಜಯ ನಿಶ್ಚಯ, ಎಂಬ ನಂಬಿಕೆ ನಮ್ಮ ಜನರಲ್ಲಿ ಬಹುಕಾಲದಿಂದ ಬೇರೂರಿರುವುದು. ಕಾಲೇಜಿನ ಚರ್ಚಾಕೂಟದಲ್ಲಿ ಒಳ್ಳೆಯ ಕಂಠವುಳ್ಳ ಹುಡುಗನನ್ನು ಕಂಡರೆ, ‘ನೀನು ಲಾ ಓದಪ್ಪ’ ಎಂದು ನಾವು ಉಪಾಧ್ಯಾಯರೂ ಹರಸುವುದುಂಟು. ಆದರೆ ಜೂರಿಯ ಮುಂದೆ, ಅದೂ ಒಬ್ಬ ಮನುಷ್ಯನ ಪ್ರಾಣವೇ ತೂಗುತ್ತಿರುವಾಗ, ಬರಿಯ ವಾಗ್ವೈಖರಿ ಎಷ್ಟು ದೂರ ನಡೆಯುವುದೆಂಬುದು ಬೇರೆಯ ಪ್ರಶ್ನೆ.

ಜೂರಿಯವರು ನ್ಯಾಯಶಾಸ್ತ್ರವನ್ನು ಕಲಿತವರಲ್ಲ. ಅಂಗಡಿಯವರು, ಗುಮಾಸ್ತರು, ಉಪಾಧ್ಯಾಯರು, ಹೀಗೆ ಊರಿನ ಸಾಮಾನ್ಯ ಜನರೊಳಗಿಂದ ಆರಿಸಲ್ಪಟ್ಟವರು. ಇಂಗ್ಲೆಂಡಿನಲ್ಲಿ ಅವರ ಸಂಖ್ಯೆ 12; ನಮ್ಮ ಬೊಂಬಾಯಿ ಹೈಕೋರ್ಟಿನಲ್ಲಿ 9 ಮಂದಿ ಕುಳಿತುಕೊಳ್ಳುತ್ತಿದ್ದರು. ಕಾನೂನಿನ ಅಂಶವನ್ನು ನ್ಯಾಯಾಧೀಶರು ವಿವರಿಸುವರು. ನಡೆದ ಸಂಗತಿ ಏನೆಂಬುದನ್ನು ಜೂರಿಯವರು ನಿರ್ಣಯಿಸಬೇಕು. ತಮ್ಮ ನಿರ್ಣಯಕ್ಕೆ ಅವರು ಕಾರಣವನ್ನು ಕೊಡಬೇಕಾಗಿಲ್ಲ. ಪುಸ್ತಕವನ್ನು ಓದುವವನು ತಿಳಿಯದಿದ್ದಲ್ಲಿ ಹಾಳೆಯನ್ನು ಹಿಂದಕ್ಕೆ ತಿರುವಬಹುದು. ಜೂರಿಯವನಿಗೆ, ರೇಡಿಯೋ ಮುಂದೆ ಕುಳಿತಿರುವ ತಮ್ಮಂತೆಯೇ, ಆ ಸೌಕರ್ಯವಿಲ್ಲ. ಕಿವಿಗೆ ಬಿದ್ದು ಮನಸ್ಸಿನಲ್ಲಿ ನಿಂತದ್ದಷ್ಟೇ ಅವನ ಪಾಲಿನ ಮೊಕದ್ದಮೆ. ಆದುದರಿಂದ ಅಂಥವನ ಮುಂದೆ ನಿಂತ ವಕೀಲನು ತೀರ್ಮಾನವನ್ನು ತಾನೇ ಕೂಗಿ ಹೇಳುವುದಕ್ಕಿಂತ, ಜೂರಿಯವನು ತನ್ನ ಕಣ್ಣಿನಿಂದಲೇ ಅದನ್ನು ಕಂಡುಕೊಳ್ಳುವಂತೆ ಮಾಡುವುದು ಮೇಲು. ತಾನಾಗಿ ಕಂಡುದನ್ನು ಮನುಷ್ಯನು ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಇದಕ್ಕೆ ಅಮೆರಿಕದ ಒಂದು ಮೊಕದ್ದಮೆಯಷ್ಟು ಒಳ್ಳೆಯ ನಿದರ್ಶನ ನಮಗೆ ಬೇರೆ ತೋರದು. ಇಲಿನಾಯ್ ಸಂಸ್ಥಾನದ ಬಿಯರ್ಡ್ಸ್‌ಟೌನ್ ಎಂಬ ಸಣ್ಣ ಊರಿನಲ್ಲಿ 1858ನೆಯ ಮೇ 7ರಂದು ಡಫ್ ಆರ್ಮ್‌ಸ್ಟ್ರಾಂಗ್ ಎಂಬ ತರುಣನು ಖೂನಿಯ ಆಪಾದನೆಯ ಮೇಲೆ ವಿಚಾರಣೆಗೆ ನಿಂತಿದ್ದನು. ಹಿಂದಿನ ವರ್ಷದ ಆಗಸ್ಟ್ 29ರ ರಾತ್ರಿ ನಡೆದ ಜಗಳವೊಂದರಲ್ಲಿ ಮೆಟ್ಜ್‌ಕರ್ ಎಂಬುವನು ತಲೆಗೆ ಪೆಟ್ಟು ತಿಂದು, ಕೆಲವು ದಿನಗಳಲ್ಲಿ ತೀರಿಕೊಂಡಿದ್ದನು. ಡಫ್‌ನ ತಂದೆತಾಯಿಗಳು ಅಬ್ರಹಾಂ ಲಿಂಕನ್ನರಿಗೆ ಬಡತನದ ದಿನಗಳಲ್ಲಿ ಅನ್ನವಿಟ್ಟವರು. ತಂದೆಯು ಆಗ ತಾನೇ ಕಾಲವಾಗಿದ್ದನು. ಲಿಂಕನ್ನರು ಫೀಜು ತೆಗೆದುಕೊಳ್ಳದೆ ಆ ವಿಧವೆಯ ಮಗನ ಪರವಾಗಿ ನಿಂತರು.

ಮುಖ್ಯ ಸಾಕ್ಷಿಯಾದ ಚಾರ್ಲ್ಸ್ ಆಲನ್ ಎಂಬುವನು, ರಾತ್ರಿ ಸುಮಾರು 11 ಗಂಟೆಗೆ, 150 ಅಡಿ ದೂರದಿಂದ, ಡಫ್ ಹೊಡೆದುದನ್ನು ತಾನು ಕಣ್ಣಾರೆ ಕಂಡೆನೆಂದನು. ಪಾಟೀಸವಾಲಿಗೆ ಎದ್ದ ಲಿಂಕನ್ನರು ಅವನನ್ನು ಗದರಿಸಲಿಲ್ಲ, ‘ನೀನು ಸುಳ್ಳುಗಾರ’ ಎನ್ನಲೂ ಇಲ್ಲ. ಅಷ್ಟು ದೂರದಿಂದ ಹೇಗೆ ಕಂಡಿತೆಂದು ಸಾವಧಾನವಾಗಿ ವಿಚಾರಿಸಿದರು. ಚಂದ್ರನ ಬೆಳಕಿನಲ್ಲಿ ಎಂದನು ಸಾಕ್ಷಿ. ಚಂದ್ರನು ಎಲ್ಲಿದ್ದನು? ಆಕಾಶದಲ್ಲಿ ಮೇಲೆಯೇ ಇದ್ದನು. ಇದನ್ನೇ ಲಿಂಕನ್ನರು ಮತ್ತೆ ಮತ್ತೆ ಕೇಳಿದರು. ಸಾಕ್ಷಿಯೂ ಮತ್ತೆ ಮತ್ತೆ ಹೇಳಿದನು. ಕೇಳುವವರಿಗೆ, ಈ ವಕೀಲನು ತನ್ನ ಕಕ್ಷಿಗಾರನ ಕುತ್ತಿಗೆಗೆ ತಾನೇ ಹಗ್ಗ ಬಿಗಿಯುತ್ತಿರುವನೋ ಎಂದು ತೋರಿರಬೇಕು. ಸಾಕ್ಷಿಗೆ ಹಿಂದೆಗೆಯಲು ದಾರಿ ಉಳಿಯದಂತಾದ ಮೇಲೆ, ಲಿಂಕನ್ನರು ಆ ವರ್ಷದ ಪಂಚಾಂಗವನ್ನು ತರಿಸಿ ಜೂರಿಯ ಮುಂದಿಟ್ಟರು. ಅದರ ಪ್ರಕಾರ ಚಂದ್ರನು ಆ ರಾತ್ರಿ 12 ಗಂಟೆ 3 ನಿಮಿಷಕ್ಕೆ ಅಸ್ತಮಿಸತಕ್ಕವನು. 11 ಗಂಟೆಗೆ ದಿಗಂತದ ಸಮೀಪಕ್ಕೆ ಇಳಿದಿರಬೇಕು. (ತಿಥಿಯನ್ನು ಬಲ್ಲ ನಮ್ಮ ರೈತನಿಗೆ ಪಂಚಾಂಗವೇ ಬೇಕಾಗುತ್ತಿರಲಿಲ್ಲ, ಅಷ್ಟಮಿಯ ಆಸುಪಾಸಿನ ಶುಕ್ಲಪಕ್ಷದ ಚಂದ್ರ ಎಲ್ಲಿಯವರೆಗೆ ಇರುತ್ತಾನೆಂದು ಅವನು ಮಲಗಿದ್ದಲ್ಲಿಂದಲೇ ಹೇಳಿಯಾನು.)

ಇಲ್ಲಿ ಕ್ರಮವನ್ನು ಗಮನಿಸಬೇಕು. ಪಂಚಾಂಗವನ್ನು ಮೊದಲೇ ತೋರಿಸಿದ್ದರೆ ಆಲನ್ ಎಚ್ಚತ್ತು, ‘ಬೆಳಕು ಮಂದವಾಗಿದ್ದರೂ ಕಂಡಿತು’ ಎಂದು ಜಾರಿಕೊಳ್ಳುತ್ತಿದ್ದನು. ಉತ್ತರವು ಗಟ್ಟಿಯಾದ ಬಳಿಕ ಬಂದುದರಿಂದ, ಸಾಕ್ಷಿಯ ಮಾತನ್ನು ಮುರಿದವರು ಲಿಂಕನ್ನರಲ್ಲ, ಅಚ್ಚಿನ ಹಾಳೆಯನ್ನು ನೋಡಿದ ಜೂರಿಯವರೇ ಎಂಬಂತಾಯಿತು. ಪಂಚಾಂಗವೊಂದೇ ಅವರ ಬಲವಾಗಿರಲಿಲ್ಲ. ಪೆಟ್ಟಿನ ಸ್ವರೂಪದ ಬಗ್ಗೆ ವೈದ್ಯರ ಸಾಕ್ಷ್ಯವಿತ್ತು; ಹೊಡೆದ ಆಯುಧವೆನ್ನಲಾದ ವಸ್ತು ತನ್ನದೆಂದು ಇನ್ನೊಬ್ಬನು ಒಪ್ಪಿದ್ದನು. ಕಡೆಯ ಭಾಷಣದಲ್ಲಿ ಲಿಂಕನ್ನರು ಆ ತಾಯಿಯ ಉಪಕಾರವನ್ನು ನೆನೆದು ಜೂರಿಯ ಮನಸ್ಸನ್ನು ಕರಗಿಸಿದರು. ಆದರೆ ಅದು ಕಡೆಯಲ್ಲಿ ಬಂದಿತು, ಬುದ್ಧಿಗೆ ಸಮಾಧಾನವಾದ ಮೇಲೆ ಬಂದಿತು. ಡಫ್ ಬಿಡುಗಡೆ ಹೊಂದಿದನು. ಆ ಪಂಚಾಂಗವೇ ನಕಲಿ ಎಂಬ ಗುಲ್ಲು ಮುಂದೆ ಬಹುಕಾಲ ಹಬ್ಬಿತ್ತು. 1990ರಲ್ಲಿ ಟೆಕ್ಸಾಸಿನ ಇಬ್ಬರು ವಿದ್ವಾಂಸರು ಗಣಿತಮಾಡಿ, ಚಂದ್ರನು ಆ ಹೊತ್ತಿನಲ್ಲಿ ತಗ್ಗಿನಲ್ಲಿಯೇ ಇದ್ದನೆಂದು ತೋರಿಸಿದರು.

ಇನ್ನು ನಮ್ಮ ದೇಶಕ್ಕೆ ಬರೋಣ. 1908ರ ಜುಲೈಯಲ್ಲಿ ಬೊಂಬಾಯಿ ಹೈಕೋರ್ಟಿನಲ್ಲಿ ಲೋಕಮಾನ್ಯ ತಿಲಕರು ರಾಜದ್ರೋಹದ ಆಪಾದನೆಗೆ ತಾವೇ ಉತ್ತರ ಹೇಳಿಕೊಂಡರು. 21 ಗಂಟೆಗಳಿಗೂ ಮೀರಿದ ಆ ಭಾಷಣವು ಹಲವು ದಿನಗಳವರೆಗೆ ಹರಿಯಿತು. ಪಾಂಡಿತ್ಯದಲ್ಲಿ ಅದಕ್ಕೆ ಸಾಟಿಯಿಲ್ಲ. ಆಪಾದಿತವಾದ ಲೇಖನಗಳು ಮರಾಠಿಯವು. ಸರ್ಕಾರದ ಇಂಗ್ಲಿಷ್ ಅನುವಾದವು ಮೂಲದ ಧ್ವನಿಯನ್ನು ಕೆಡಿಸಿರುವುದೆಂದು ಅವರು ಒಂದೊಂದೇ ಶಬ್ದವನ್ನು ಹಿಡಿದು ವಾದಿಸಿದರು. ಆದರೆ ಎದುರಿಗಿದ್ದವರು ಏಳು ಮಂದಿ ಯೂರೋಪಿಯನ್ನರು, ಇಬ್ಬರು ಪಾರಸಿಗಳು. ಮರಾಠಿಯ ಧ್ವನಿಯನ್ನು ಅರಿಯದವನಿಗೆ ಅದನ್ನು ಕಾಣಿಸುವುದು ಹೇಗೆ? ಜೂರಿ 7ಕ್ಕೆ 2ರಂತೆ ಅಪರಾಧಿಯೆಂದಿತು; ಆರು ವರ್ಷಗಳ ಗಡೀಪಾರು ಶಿಕ್ಷೆಯಾಯಿತು. ಇದನ್ನು ವಾದದ ಸೋಲೆಂದು ಎಣಿಸಲು ನಾವು ಒಪ್ಪೆವು. ಅವರ ನಿಜವಾದ ಜೂರಿ ಆ ಒಂಬತ್ತು ಕುರ್ಚಿಗಳ ಆಚೆ ಇದ್ದಿತು. ತೀರ್ಪನ್ನು ಕೇಳಿ ಅವರಾಡಿದ ಕೆಲವೇ ಮಾತುಗಳು ಇಂದು ಅದೇ ಹೈಕೋರ್ಟಿನಲ್ಲಿ ಶಿಲಾಫಲಕದ ಮೇಲೆ ಇವೆ.

ಮನವೊಲಿಕೆಯು ಪುರಾವೆಯನ್ನು ಹಿಂದಿಕ್ಕಿದರೆ ಏನಾಗುವುದೆಂಬುದಕ್ಕೆ ನಾನಾವತಿ ಮೊಕದ್ದಮೆಯನ್ನು ನೋಡಬೇಕು. ನೌಕಾದಳದ ಕಮಾಂಡರ್ ಕೆ. ಎಂ. ನಾನಾವತಿಯವರು 1959ನೆಯ ಏಪ್ರಿಲ್ 27ರಂದು, ತಮ್ಮ ಪತ್ನಿಯ ಪ್ರಣಯಿಯಾದ ಪ್ರೇಮ್ ಆಹುಜಾ ಎಂಬುವನ ಕೋಣೆಗೆ ಹೋದರು. ಅಲ್ಲಿ ಮೂರು ಗುಂಡುಗಳು ಹಾರಿ ಆಹುಜಾ ಸತ್ತನು. ಇಬ್ಬರೂ ಕೈಕೈ ಮಿಲಾಯಿಸಿ ಎಳೆದಾಡುವಾಗ ರಿವಾಲ್ವರು ಅಕಸ್ಮಾತ್ತಾಗಿ ಹಾರಿತೆಂದು ಪ್ರತಿವಾದ. ಆಪಾದಿತರು ನ್ಯಾಯಾಸ್ಥಾನದಲ್ಲಿ ಬಿಳಿಯ ಸಮವಸ್ತ್ರದಲ್ಲಿ ನಿಂತರು. ಹೊರಗೆ ವಾರಪತ್ರಿಕೆಯೊಂದು ಅವರನ್ನು ವೀರನನ್ನಾಗಿ ಮಾಡಿ ಮಾರುತ್ತಿತ್ತು. ಸರ್ಕಾರದ ಪಕ್ಷದವರ ಕೈಯಲ್ಲಿಯೂ ಒಂದು ‘ಪಂಚಾಂಗ’ವಿದ್ದಿತು: ಸ್ನಾನದ ಮನೆಯಿಂದ ಬಂದಿದ್ದ ಆಹುಜಾ ಸೊಂಟಕ್ಕೆ ಸುತ್ತಿದ್ದ ಟವೆಲು. ಎಳೆದಾಟ ನಡೆದಿದ್ದರೆ ಆ ಟವೆಲು ಸಡಿಲದೆ ಹೇಗೆ ಉಳಿಯಿತು? ಯಾರಿಗಾದರೂ ಅರ್ಥವಾಗುವ ಪ್ರಶ್ನೆ. ಆದರೂ ಜೂರಿ 8ಕ್ಕೆ 1ರಂತೆ ನಿರಪರಾಧಿಯೆಂದಿತು.

ಸೆಷನ್ಸ್ ನ್ಯಾಯಾಧೀಶರು ಅದನ್ನು ಒಪ್ಪದೆ ಮೊಕದ್ದಮೆಯನ್ನು ಹೈಕೋರ್ಟಿಗೆ ಒಪ್ಪಿಸಿದರು. ಅಕಸ್ಮಾತ್ತೆಂದು ಹೇಳಿಕೊಳ್ಳುವವನೇ ಅದನ್ನು ತೋರಿಸಬೇಕಾದ ಭಾರವನ್ನು ಜೂರಿಗೆ ಸರಿಯಾಗಿ ತಿಳಿಸಿರಲಿಲ್ಲವೆಂಬುದು ಅಲ್ಲಿ ಹೊರಬಿದ್ದಿತು. 1960ರಲ್ಲಿ ಹೈಕೋರ್ಟು ಯಾವಜ್ಜೀವ ಶಿಕ್ಷೆ ವಿಧಿಸಿತು. 1961ರ ನವೆಂಬರ್ 24ರಂದು ಸುಪ್ರೀಂ ಕೋರ್ಟು ಅದನ್ನೇ ಸ್ಥಿರಪಡಿಸಿತು, ಟವೆಲಿನ ಸಂಗತಿಯನ್ನೂ ಎತ್ತಿಹೇಳಿತು. ನಮ್ಮ ಅಭಿಪ್ರಾಯದಲ್ಲಿ ಜೂರಿಯವರನ್ನು ಮಾತ್ರ ದೂರುವುದು ನ್ಯಾಯವಲ್ಲ. ಯಾವ ಪ್ರಶ್ನೆಗೆ ಉತ್ತರ ಹೇಳಬೇಕೆಂಬುದೇ ಅವರಿಗೆ ಸ್ಪಷ್ಟವಾಗಿರಲಿಲ್ಲ. ಪ್ರಶ್ನೆ ಅಸ್ಪಷ್ಟವಾದಾಗ ಮನಸ್ಸು ಸಮವಸ್ತ್ರದ ಕಡೆಗೆ ತಿರುಗುವುದು ಸಹಜ.

ಇದೇ ಭಾರತದ ಕಡೆಯ ಜೂರಿ ವಿಚಾರಣೆಯೆಂದು ಹೇಳುವುದು ವಾಡಿಕೆಯಾಗಿದೆ, ಅದು ಸರಿಯಲ್ಲ. ಕೆಲವು ಪ್ರಾಂತಗಳಲ್ಲಿ ಜೂರಿ ಇನ್ನೂ ಕೆಲವು ವರ್ಷ ನಡೆಯಿತು. 1974ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಎಡೆಯೇ ಇರಲಿಲ್ಲ. ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಅದು ಉಳಿದಿದೆ. ಇಂಗ್ಲೆಂಡಿನ ನ್ಯಾಯಾಧೀಶರು ಈಗೀಗ, ಜೂರಿಯವರು ಯಾವ ಪ್ರಶ್ನೆಯ ಬಳಿಕ ಯಾವ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳಬೇಕೆಂಬುದನ್ನು ಕಾಗದದ ಮೇಲೆ ಬರೆದು, ಅವರು ಒಳಗೆ ಆಲೋಚಿಸಲು ಹೋಗುವಾಗ ಕೈಯಲ್ಲಿ ಕೊಟ್ಟು ಕಳುಹಿಸುವುದುಂಟು.